ಗೋಣಿನ ತುಂಡು

ತೊಟ್ಟು ಮುರಿಯೂ ಕೈ ನಿಲ್ಲಿಸಬ್ಯಾಡ, ಗಾಳೆವ್ವ,
ಮುಕಾದಮ ನೋಡಾಕತ್ತಾನ.
ಕೈ ಅಲ್ಲಿರಲಿ, ಕಿವಿ ಇತ್ತ ಕೊಡು.

ಮೊದಲ, ತೊಡಿ ಕೇಳಬ್ಯಾಡ.
ತೊಡಿ ಕೇಳಾಕ ಸ್ಕೂಟರ್ ಮ್ಯಾಲ ಬರೂ ಮಂದಿ ಬ್ಯಾರೆ ಅದಾರ.
ಹೊತ್ತು ಏರಿದ ಮ್ಯಾಲ
ಮಕ್ತುಂಸಾಬನ ಅಂಗಡಿ ಮುಂದ ಹೋಗಿ ನಿಂದ್ರು,
ಯಾರೂ ಒಯ್ಯಲಾರದ ಗೋಣು ಕಟ್ಟಿ ಮ್ಯಾಲ ಉಳದಿರತೈತಿ.
ಇಟ್ಟಂಗಿ ಭಟ್ಟಿಯೊಳಗ ಹದಿನಾಕು ವರ್ಷ
ಗಾಡಿ ಎಳದ ಕೋಣದ ಗೋಣು,
ನೊಗ ಕುಂತ ಜಾಗಾ.
ಚಾಕು ಜಾರತೈತಿ ಅದರ ಮ್ಯಾಲ.
ಅದನ್ನ ತೂಗೂಮುಂದ ಅವ ತಕ್ಕಡಿ ಕಡೆ ನೋಡೂದಿಲ್ಲ,
ಅರ್ಧ ಕಿಲೋ ಅಂದ್ರ ಮುಕ್ಕಾಲು ಬೀಳತೈತಿ.
ಕರೀ ಚೀಲದಾಗ ಕಟ್ಟಿಸ್ಕೊ, ಮ್ಯಾಲ ಒಂದು ಸೂಡು ಮೆಂತ್ಯ ಇಟ್ಕೊ.
ಮೆಂತ್ಯ ಯಾಕ ಅಂತ
ಬಾಡಗಿ ಮನ್ಯಾಗ ಇರಾಕಿಗೆ ಹೇಳಬೇಕಾಗಿಲ್ಲ.

ಭಾಳ ತೊಳಿಬ್ಯಾಡ, ರುಚಿ ಗಟಾರಕ್ಕ ಹೋಗತೈತಿ.
ಎಳಿ ಗುಂಟ ಅಲ್ಲ, ಅಡ್ಡ ಕೊಯ್ಯಿ,
ಸಿಟ್ಟಿನ ಮನಷ್ಯಾನ ಮಾತು ಕೊಯ್ದಂಗ, ನಟ್ಟನಡುವ.
ಹಸಿ ಪಪ್ಪಾಯಿ ಸಿಪ್ಪಿ ಅರದು ಸವರು.
ಸಿಗಲಿಲ್ಲಂದ್ರ ಒಂದು ಅಡಿಕಿ ಹೋಳು ಗಡಿಗ್ಯಾಗ ಒಗಿ,
ನಮ್ಮವ್ವ ಒಗೀತಿದ್ಲು.
ಅಡಿಕಿ ಮೆತ್ತಗ ಮಾಡತೈತೋ,
ಅಷ್ಟೊತ್ತು ಕಾಯಾಕ ಒಂದು ನೆವ ಆಗತೈತೋ,
ನನಗ ಗೊತ್ತಿಲ್ಲ.

ಖಾರ?
ಬ್ಯಾಡಗಿಯಾಗ ಕುಂತು ಖಾರ ಕೇಳತೀಯಲ್ಲ!
ಡಬ್ಬಿ ಬಣ್ಣಕ್ಕ, ಕಡ್ಡಿ ಉರಿಗೆ.
ಆದ್ರ ಈ ಕೆಂಪ ಗುಡ್ಡ ನಮ್ಮದಲ್ಲ.
ರಾಶಿ ಎತ್ತಿದ ಮ್ಯಾಲ ನೆಲಕ್ಕ ಉಳದದ್ದು,
ಬಿಳಚಿದ್ದು, ಸೀಳಿದ್ದು, ಮಂದಿ ತುಳದದ್ದು,
ಸೆರಗಿನ ತುದಿಗೆ ಒಂದು ಹಿಡಿ.
ಒಂದು ಹಿಡಿ ತನಕಾ ಮುಕಾದಮ ಕುಡ್ಡ.

ಕಲ್ಲಹೂವು ಚೂರು, ಒಣಕೊಬ್ಬರಿ ಕರ್ರಗ ಸುಟ್ಟು,
ಉಳ್ಳಾಗಡ್ಡಿ ಕೆಂಡದಾಗ ಹುಗದು,
ಬೆಳ್ಳೊಳ್ಳಿಗೆ ಲೆಕ್ಕ ಇಡಬ್ಯಾಡ.
ಅರದ್ರ ಒರಳು ಬೆವರಬೇಕು ಅಂತಿದ್ಲು ಮೋದಿನಬಿ.
ಹೋದ ಸುಗ್ಗಿ ತನಕಾ ನೀ ಕುಂತಲ್ಲೇ ಕುಂದರತಿದ್ಲು,
ಕೆಮ್ಮಿ ಕೆಮ್ಮಿ ಹಾವೇರಿ ದವಾಖಾನಿಗೆ ಹೋದಾಕಿ
ತಿರಗಿ ಬರಲಿಲ್ಲ.
ಆಕಿ ಮಣಿ ನಿನಗ ಬಂದೈತಿ.
ಒಂದು ಕಾಲು ಗಿಡ್ಡ ಐತಿ ಅದರದು, ನೋಡ್ಕೊಂಡು ಕುಂದ್ರು.

ಇನ್ನ ಒಲಿ.
ಮೂರು ತಾಸಿನ ಕೆಲಸ, ಗ್ಯಾಸಿಗೆ ಒಗ್ಗೂದಿಲ್ಲ.
ಕುಕ್ಕರ್ ಇಟ್ಯೋ, ಸೀಟಿ ಹೊಡದು ಓಣಿಗೆಲ್ಲ ಹೇಳತೈತಿ.
ಗಡಿಗಿ, ಮ್ಯಾಲ ತಾಟು, ತಾಟಿನ್ಯಾಗ ನೀರು.
ಬುಡಕ್ಕ ಜಾಲಿ ಕಟಗಿ ಎರಡು, ಮತ್ತ
ಇದನ್ನ ಮರೀಬ್ಯಾಡ:
ಸಂಜಿಕ್ಕ ಕಸದಾಗ ಬಳದು ಒಗೀತಾರಲ್ಲ, ಈ ತೊಟ್ಟು,
ಒಂದು ಬೊಗಸಿ ಒಲಿಗೆ ಹಾಕು.

ಮಾಳಗಿ ಮ್ಯಾಲ ಮಾಲಕರು ಸೀನತಾರ.
ಬಾಜೂಮನಿ ಮಾಸ್ತರು ಕೆಮ್ಮತಾರ.
ಕಿಡಕಿ ಒಂದೊಂದ ಮುಚ್ಚತಾವು, ಕೇಳ್ಕೋಂತ ಕುಂದ್ರು.
“ಮತ್ತ ಖಾರ ಹುರಿಯಾಕತ್ತೀಯೇನಬೇ?”
“ಹೂಂನ್ರಿ, ಖಾರ” ಅನ್ನು.
ಸುಳ್ಳಂತೂ ಅಲ್ಲ.

ಎಂಟು ವರ್ಷಾತು,
ನನ್ನ ಒಲಿ ವಾಸನಿ ಆ ಓಣ್ಯಾಗ ಯಾರಿಗೂ ಗೊತ್ತಿಲ್ಲ.
ನನಗೂ ಗೊತ್ತಿಲ್ಲವಾ.
ಈ ಯಾರ್ಡಿನ್ಯಾಗ ಮೂಗು ಸತ್ತು ಭಾಳ ದಿನಾತು.

ಸಪ್ಪಳದ ಮ್ಯಾಲ ಅಡಗಿ ಮಾಡತೇನಿ.
ಮೊದಲನೇ ತಾಸು ಬಡಬಡ ಜಗಳಾಡತೈತಿ,
ಆಮ್ಯಾಲ ಗೊಣಗತೈತಿ,
ಗೊಣಗಿ ಗೊಣಗಿ ದನಿ ಇಳದು
ಗುಳುಕ್, ಸ್ವಲ್ಪ ತಡದು, ಗುಳುಕ್.
ಆವಾಗ ಸೌಟಿನ ತುದೀಲೆ ಒತ್ತು.
ಹದಿನಾಕು ವರ್ಷದ ನೊಗ
ತಾನ ಬಿಟ್ಟು ಕೊಡತೈತಿ,
ನರ ಕರಗಿದ ಸಾರು ತುಟಿಗೆ ತುಟಿ ಅಂಟಸತೈತಿ.

ಮಗಳು ಸಾಲಿ ಬಿಟ್ಟು ಬಂದು
ಹೊಸ್ತಿಲದಾಗ ನಿಂತು, ಚೀಲಾ ಇಳಸೂಕಿಂತ ಮೊದಲ
“ಯವ್ವಾ, ಉಪ್ಪು ಕಡಿಮಿ ಐತಿ” ಅಂತಾಳ.
ಉಪ್ಪು ವಾಸನಿಗೆ ತಿಳಿತೈತೇನ ಅಂದ್ರ
ತಿಳಿತೈತಿ ಅಂತಾಳ.
ನಾ ಕೇಳೂದಿಲ್ಲ, ಹಾಕೇ ಬಿಡತೇನಿ.

ಖಾರ ಕಡಿಮಿ ಆದ್ರ ಚಿಂತಿ ಬ್ಯಾಡ.
ಎಷ್ಟು ತೊಳದ್ರೂ ಬೆರಳಿನ ಉರಿ ಹೋಗೂದಿಲ್ಲ,
ಬರೇ ರೊಟ್ಟಿ ಮುರದು ಅದ್ದು,
ಕಲಸ್ಕೊ, ಸಾಕು.